ಮಲಗಿದ ಹುಲ್ಲಿಗೆ ಎರಡು ಹೊತ್ತು ನೀರು

ಸಿಟ್ಟು ಇನ್ನೂ ಇಳಿದಿಲ್ಲ. ತೆಲುಗು ಸೀಮ್ಯಾಗಿನ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಲಾನ್ ನೋಡಿದಾಗೊಮ್ಮೆ ಮೈ ಉರೀತೈತಿ. ಅದಕ್ಕ ಬರ್ಯಾಕ ಕುಂತೀನಿ.

ಆ ಹುಲ್ಲು ನೋಡ್ಕೊಳ್ಳಾಕ ಯಾದಗಿರಿ ಕಡೆಯ ಹೆಣ್ಮಗಳೊಬ್ಬಳಿದ್ಲು. ಪಂಪ್ ಮನಿ ಬಾಜೂಕಿನ ಕೋಣ್ಯಾಗ ತಾನು, ತನ್ನ ಮಗಳು. ಕೆಲಸ ಹೋದ್ರ ಕೋಣೀನೂ ಹೋದಂಗ. ನಾನು ರಾಯಚೂರಿನ ರಿಟೈರ್ಡ್ ಟೀಚರ್, ಹಿಂಗಾಗಿ ನನಗ ಅಕ್ಕೋರ ಅಂತಿದ್ಲು. “ಊರಾಗ ಹೊಲದಾಗಿನ ಕರಿಕಿ ಹುಲ್ಲು ಕಿತ್ತು ಕಿತ್ತು ಸೊಂಟ ಬಿದ್ದೈತ್ರಿ ಅಕ್ಕೋರ, ಇಲ್ಲಿ ಅದನ್ನ ಕೂಸಿನಂಗ ಸಾಕು ಅಂತಾರ. ಎಂಥಾ ಮಂದಿರಿ ಇವ್ರು!” ಅಂತ ನಗಾಕಿ. ನಕ್ಕೋತನ ಚೆಂದ ಸಾಕಾಕಿ. ಬಿಸಿಲು ಬಲೀತಂದ್ರ ನೆಲಕ್ಕ ಸಲಾಕಿ ಚುಚ್ಚಿ ತೂತು ಮಾಡಿ ಉಸುಕು ತುಂಬೂದು, ಮಳಿಗಾಲದಾಗ ವಾರಕ್ಕೊಮ್ಮೆ ಕತ್ತರಿಸೂದು, ಚಳಿ ಬಂತಂದ್ರ ಕೈ ಕಟ್ಟಿ ಸುಮ್ಮನಿರೂದು. ತಳದಾಗ ನಮ್ಮ ಕಡೆಯಂಥಾ ಕರಿ ಎರಿಮಣ್ಣು. ಅದರ ಗುಣ ಅಕೀಗೆ ಹುಟ್ಟಿದಾಗಿಂದ ಗೊತ್ತು.

ಅಕಿ ಸುಮ್ಮನಿರೂದು ನಮ್ಮ ಸೆಕ್ರೆಟರಿ ಸಾಹೇಬನ ಕಣ್ಣಿಗೆ ಚುಚ್ಚಿತು. ಡಿಸೆಂಬರಿನಾಗ ಹುಲ್ಲು ಒಣಗಿದ ಬಣ್ಣಕ್ಕ ತಿರುಗಿತ್ತು. ಜನವರಿ ಇಪ್ಪತ್ತಾರಕ್ಕ ಝಂಡಾ ಹಾರಿಸೂದು ಅಲ್ಲೇ. ಹುಲ್ಲು ಸತ್ತೈತಿ, ದಿನಾ ಎರಡು ಹೊತ್ತು ನೀರು ಬಿಡಬೇಕು ಅಂತ ಶುರು ಮಾಡಿದ. ಹೂವಿನ ಕುಂಡಕ್ಕ ಚೊಂಬು ನೀರು ಹಾಕಿ ಗೊತ್ತಿಲ್ಲದ ಗಂಡಸು!

ಅಕಿ ನನ್ನ ಕರದ್ಲು. ಒಂದು ದಂಟು ಕಿತ್ತು ಉಗುರಿಲೆ ಕೆರದು ತೋರಿಸಿದ್ಲು, ಒಳಗ ಬೆಳ್ಳಗ ಹಸಿ ಇತ್ತು. “ಸತ್ತಿಲ್ರಿ, ಮಲಗೈತಿ. ಉಗಾದಿ ಬಿಸಿಲಿಗೆ ತಾನಾಗೇ ಏಳ್ತೈತಿ.” ಆಮ್ಯಾಲೆ ಒಂದು ಹಿಡಿ ಮಣ್ಣು ಹಿಸುಕಿ ಉಂಡಿ ಕಟ್ಟಿದ್ಲು. “ಉದುರಿದ್ರ ನೀರು ಕೊಡಬೇಕು. ಇದು ಗಟ್ಟಿ ನಿಂತೈತಿ, ಅಂದ್ರ ಹೊಟ್ಟಿ ತುಂಬೇತಿ. ಮತ್ತ ಕುಡಿಸಿದ್ರ ಬೇರು ಕೊಳೀತಾವ. ಹಸಿ ಎರಿ ತುಳದ್ರಂತೂ ಮುಗೀತು. ನಿಮ್ಮ ಅಪಾರ್ಟ್‌ಮೆಂಟ್ ಮೀಟಿಂಗಿನಾಗ ಇದನ್ನ ತೋರಿಸಿ ಹೇಳ್ರಿ ಅಕ್ಕೋರ. ನನಗ ಕೆಲಸದ ತೆಲುಗು ಬರ್ತೈತಿ, ವಾದ ಮಾಡೋ ತೆಲುಗು ಬರಂಗಿಲ್ಲ.”

ಉಂಡಿ ಪೇಪರಿನಾಗ ಸುತ್ತಿ ಬ್ಯಾಗಿನಾಗ ಇಟ್ಕೊಂಡು ಮೀಟಿಂಗಿಗೆ ಹೋದೆ. ಅಲ್ಲಿ ಏಸಿ, ಗಾಜಿನ ಮೇಜು, ಚಾ, ಬಿಸ್ಕಿಟ್. ಮಣ್ಣು ಹೊರಗ ತಗಿಯಾಕ ನಾಚಿಕಿ ಬಂತು. ಥೂ, ಆ ನಾಚಿಕಿಗೆ ಬೆಂಕಿ ಹಚ್ಚ! “ಹುಲ್ಲು ಮಲಗೈತಂತ ಮಾಲಿ ಅಂತಾಳ” ಅಂತ ತೆಲುಗಿನಾಗ ಅಂದೆ. “ಮಾಲೀನೂ ಮಲಗ್ಯಾಳ ಮೇಡಂ” ಅಂದ ಸೆಕ್ರೆಟರಿ. ಎಲ್ಲಾರೂ ನಕ್ರು, ನಾನೂ ನಕ್ಕೆ. ನೀರು ಬಿಟ್ಟು ನೋಡೂಣು ಅಂತ ಎಲ್ಲಾರ ಜೋಡಿ ಕೈ ಎತ್ತಿದೆ. ಕೆಳಗ ಬಂದು ಅಕೀಗೆ, “ಹೇಳಿದೆ ಯವ್ವಾ, ಕೇಳಲಿಲ್ಲ” ಅಂದೆ.

ಅಕೀ ಕೈಲೇ ನೀರು ಬಿಡಿಸಿದ್ರು. ಇಪ್ಪತ್ತಾರಕ್ಕ ಶಾಮಿಯಾನ ಹಾಕಿದ್ರು, ಕುರ್ಚಿ ಕಾಲು ಕೆಸರಿನಾಗ ಹುಗಿದ್ವು, ಮಂದಿ ತುಳಕೋತ ಜಿಲೇಬಿ ತಿಂದ್ರು. ಬಿಸಿಲು ಬಿದ್ದ ಮ್ಯಾಲೆ ನೆಲ ಕಲ್ಲಾತು. ಉಗಾದಿ ದಾಟಿದ್ರೂ ಅಲ್ಲೊಂದು ಇಲ್ಲೊಂದು ಎಸಳು, ಉಳಿದದ್ದೆಲ್ಲಾ ಬಿರುಕು.

ಮತ್ತ ಮೀಟಿಂಗ್. “ನೀರು ಹೆಚ್ಚಾಗಿ ಬೇರು ಕೊಳತಾವ. ಮಾಲಿ ತಪ್ಪು, ತಗದು ಹಾಕೂಣು” ಅಂದ ಅದೇ ಸೆಕ್ರೆಟರಿ. ಅಕಿ ಹೇಳಿದ ಮಾತನ್ನ ಅಕೀ ಕುತ್ತಿಗಿಗೇ ಕಟ್ಟಿದ ಭಾಡ್ಯಾ! ನನ್ನ ಪಿತ್ತ ನೆತ್ತಿಗೇರಿತು. ಮೇಜು ಗುದ್ದಿ ತೆಲುಗು, ಹಿಂದಿ, ಕನ್ನಡ ಎಲ್ಲಾ ಕಲಸಿ ಬೈದೆ. ನೀರು ಬಿಡು ಅಂದವರು ಯಾರು ಅಂತ ಒದರಿದೆ. ಆತ ಶಾಂತಾಗಿ ಮೀಟಿಂಗಿನ ರಿಜಿಸ್ಟರ್ ತಗದು ಓದಿದ. ಎರಡು ಹೊತ್ತು ನೀರಿನ ಠರಾವಿಗೆ ಕೈ ಎತ್ತಿದವರ ಸಾಲಿನಾಗ ನನ್ನ ಹೆಸರೂ ಇತ್ತು, ಕೆಳಗ ನನ್ನ ಸಹಿ. ನಾನು ಕುರ್ಚಿ ಎಳಕೊಂಡು ಕುಂತೆ. ಅಕೀನ ತಗದು ಹಾಕಿದ್ರು.

ಕೆಳಗ ಕೋಣ್ಯಾಗ ಅಕಿ ಗಂಟು ಕಟ್ಟಾಕತ್ತಿದ್ಲು. ನಾನು ಕೈ ಎತ್ತಿದ ಸುದ್ದಿ ವಾಚ್‌ಮನ್ ಎಂದೋ ಮುಟ್ಟಿಸಿದ್ದ, ಅದು ನನಗ ಗೊತ್ತಿದ್ದಿಲ್ಲ. ಬಾಗಿಲಾಗ ನಿಂತು ಸೆಕ್ರೆಟರಿನ ಬೈದೆ, ಕಮಿಟಿನ ಬೈದೆ, ಅವರ ಹಿರೇರನ್ನೂ ಬಿಡಲಿಲ್ಲ. ಅಕಿ ಎಲ್ಲಾ ಕೇಳಿದ್ಲು, ಗಂಟು ಬಿಗದ್ಲು.

“ಅವ್ರಿಗೆ ಎರಿ ತಿಳಿಯಂಗಿಲ್ರಿ ಅಕ್ಕೋರ, ನನ್ನ ಮಾತೂ ತಿಳಿಯಂಗಿಲ್ಲ,” ಅಂದ್ಲು. “ನಿಮಗ ಎರಡೂ ತಿಳಿದಿದ್ವು.”