ಸಿಕ್ಸ್ಟೆನ್ ನೆಟ್ಟಗೆ ಮಾಡಿದ ಚಾಕುಗಳು

ಸಿಕ್ಸ್ಟೆನ್ ನೂರ್ಲಿಂಡ್ ನಮ್ಮೂರ ಶಾಲೆಯಲ್ಲಿ ಮರಗೆಲಸದ ಮೇಷ್ಟ್ರಾಗಿದ್ದ. ಮೂವತ್ತೊಂದು ವರ್ಷ ಅದೇ ಕೋಣೆ, ಅದೇ ನೀಲಿ ಮೇಲಂಗಿ. ನಮ್ಮ ಕಡೆಯ ವಾಡಿಕೆಯಂತೆ ಮಕ್ಕಳೂ ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನಾನು ಗುನ್ನೆಲ್, ಆ ಶಾಲೆಯ ಅಡುಗೆಮನೆಯವಳು. ಊಟದ ಹೊತ್ತಿಗೆ ಉಳಿದ ಮೇಷ್ಟ್ರುಗಳು ಗುಂಪಾಗಿ ಕೂತು ಹರಟಿದರೆ ಇವನು ಬಟಾಣಿ ಸಾರಿನ ತಟ್ಟೆ ಹಿಡಿದು ತನ್ನ ಕೋಣೆಗೆ ಹೋಗಿಬಿಡುತ್ತಿದ್ದ. ಹೆಂಡತಿಯಿಲ್ಲ, ಮಕ್ಕಳಿಲ್ಲ. ಸೊಕ್ಕಿನವನು ಎಂದು ಕೆಲವರು ಆಡಿಕೊಳ್ಳುತ್ತಿದ್ದರು. ಸೊಕ್ಕೂ ಇಲ್ಲ, ಮಣ್ಣೂ ಇಲ್ಲ. ಮಾತು ಶುರುಮಾಡಲು ಬಾರದವನು, ಅಷ್ಟೇ.

ಆ ಹೊತ್ತಿನಲ್ಲಿ ಅವನೇನು ಮಾಡುತ್ತಿದ್ದ ಎನ್ನುವುದು ನನಗೊಬ್ಬಳಿಗೇ ಗೊತ್ತಿತ್ತು, ಖಾಲಿ ತಟ್ಟೆ ತರಲು ಹೋಗುತ್ತಿದ್ದವಳು ನಾನೇ ತಾನೇ. ನಮ್ಮಲ್ಲಿ ಪ್ರತಿ ಮಗುವೂ ಮರದಲ್ಲಿ ಮೊದಲು ಮಾಡುವುದು ಬ್ರೆಡ್ಡಿಗೆ ಬೆಣ್ಣೆ ಸವರುವ ಚಾಕು. ಮನೆಗೆ ಒಯ್ದು ಅಮ್ಮನಿಗೆ ಕೊಡಬೇಕು, ಅಮ್ಮ ಅದನ್ನು ಕೊನೆಯವರೆಗೂ ಬಳಸಬೇಕು. ಮಕ್ಕಳ ಕೈಯಲ್ಲಿ ಅದು ಸೊಟ್ಟಗಾಗುತ್ತದೆ, ಹಿಡಿ ದಪ್ಪಗಾಗುತ್ತದೆ. ಸಿಕ್ಸ್ಟೆನ್ ಒಂದೊಂದನ್ನೇ ಎತ್ತಿಕೊಂಡು ಕೆತ್ತಿ, ಮರಳುಕಾಗದ ತಿಕ್ಕಿ ನೆಟ್ಟಗೆ ಮಾಡಿಡುತ್ತಿದ್ದ. ಯಾಕೆಂದು ಕೇಳಿದ್ದಕ್ಕೆ, ಮನೆಯಲ್ಲಿ ಯಾರೂ ಮಗುವನ್ನು ನೋಡಿ ನಗಬಾರದು ಎಂದ. ಚಿಕ್ಕವನಿದ್ದಾಗ ಅವನ ಚಾಕು ನೋಡಿ ಅವನಪ್ಪ ನಕ್ಕಿದ್ದನಂತೆ. ಒಳ್ಳೆಯ ಮನಸ್ಸು ಎಂದುಕೊಂಡು ನಾನು ಬಾಯಿ ಮುಚ್ಚಿಕೊಂಡಿದ್ದೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಒಂದೇ ಸಲ ಸಿಕ್ಕಿಬಿದ್ದ. ಲೋವಿಸ ಎಂಬ ಹನ್ನೊಂದರ ಹುಡುಗಿ, ಎಡಗೈಯವಳು. ಮರದ ಗಂಟನ್ನು ಬಳಸಿಕೊಂಡು, ಬೇಕೆಂದೇ ಬಾಗಿದ ಚಾಕು ಕೆತ್ತಿದ್ದಳು. ಮರುದಿನ ಅದು ನೆಟ್ಟಗಾಗಿ ಕೂತಿತ್ತು. ತಿರುಗಿಸಿ ತಿರುಗಿಸಿ ನೋಡಿದಳು.

"ಇದು ನಂದಲ್ಲ ಸಿಕ್ಸ್ಟೆನ್, ನಿಂದು" ಎಂದು ಮೇಜಿನ ಮೇಲಿಟ್ಟು ಹೋದಳು.

ಆಮೇಲೆ ಅವಳು ಅವನು ಹೇಳಿದ್ದನ್ನಷ್ಟೇ ಮಾಡುತ್ತಿದ್ದಳು. ಸಿಕ್ಸ್ಟೆನ್ ಒಳ್ಳೊಳ್ಳೆಯ ಮರದ ತುಂಡು ಹುಡುಕಿ ಕೊಟ್ಟು, ನಿನಗಿಷ್ಟವಾದದ್ದು ಮಾಡು ಎಂದರೆ, ಏನು ಮಾಡಬೇಕೋ ನೀನೇ ಹೇಳು ಎನ್ನುತ್ತಿದ್ದಳಂತೆ. ಅವನು ವಾರಗಟ್ಟಲೆ ಸರಿಯಾಗಿ ಉಣ್ಣಲಿಲ್ಲ. ಒಬ್ಬಳಿಗೆ ಹಾಗಾಯಿತು, ಉಳಿದವರೆಲ್ಲ ಖುಷಿಯಾಗಿದ್ದಾರಲ್ಲ ಎಂದು ನಾನೇ ಸಮಾಧಾನ ಹೇಳಿದೆ. ಅವನು ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡ, ಮತ್ತೆ ಮರಳುಕಾಗದವನ್ನೂ.

ನಿವೃತ್ತಿಯಾಗುವ ಜೂನ್ ತಿಂಗಳಲ್ಲಿ ಅವನು ಮೊದಲ ಸಲ ತನಗಾಗಿ ಏನನ್ನೋ ಕೇಳಿದ. ಹಳೆಯ ವಿದ್ಯಾರ್ಥಿಗಳು ತಂತಮ್ಮ ಚಾಕು ತರಲಿ, ಎಲ್ಲವನ್ನೂ ಒಟ್ಟಿಗೆ ನೋಡಬೇಕು ಎಂದ. ಮಕ್ಕಳಿಗೆ ತಾನು ಏನನ್ನಾದರೂ ಕಲಿಸಿದ್ದೇನೆಯೇ ಎಂದು ಕಣ್ಣಾರೆ ಕಾಣಬೇಕಿತ್ತು ಅವನಿಗೆ. ಬೇರೇನಿತ್ತು ಅವನ ಬಾಳಿನಲ್ಲಿ? ಜನ ಬಂದರು. ಊಟದ ಕೋಣೆಯ ಉದ್ದ ಮೇಜಿನ ತುಂಬ ಚಾಕುಗಳಾದವು. ನಾನು ಕಾಫಿ, ಏಲಕ್ಕಿ ಬನ್ನು ಇಟ್ಟೆ. ನನ್ನ ಮಗಳು ಮಾಯ್ ಮಾಡಿದ್ದನ್ನೂ ತಂದಿಟ್ಟೆ.

ಬಂದವರು ಅವನ ಕೈಕುಲುಕಿ, ಕಾಫಿ ಹಿಡಿದು ತಮ್ಮತಮ್ಮೊಳಗೇ ಮಾತಿಗೆ ಬಿದ್ದರು. ಸಿಕ್ಸ್ಟೆನ್ ಒಬ್ಬನೇ ಮೇಜಿನುದ್ದಕ್ಕೂ ನಡೆದ. ಅರ್ಧ ದಾರಿಯಲ್ಲಿ ನಿಂತು ನನ್ನನ್ನು ಕರೆದು, ಮಾಯ್ ಮಾಡಿದ್ದು ಯಾವುದು, ತೋರಿಸು ಎಂದ. ತೋರಿಸಲು ಚಾಚಿದ ಕೈ ಹಾಗೇ ನಿಂತಿತು. ಹನ್ನೆರಡು ವರ್ಷ ದಿನಾ ಬೆಳಿಗ್ಗೆ ಮಗಳ ಕೈಕೆಲಸವೆಂದು ಹೆಮ್ಮೆಯಿಂದ ಬೆಣ್ಣೆ ಸವರಿದವಳು ನಾನು. ನನಗೇ ಗುರುತು ಸಿಗಲಿಲ್ಲ. ಎಲ್ಲವೂ ಒಂದೇ ಉದ್ದ, ಒಂದೇ ನುಣುಪು. ನನಗೆ ಅವನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೆ.

ಹೊರಡುವಾಗ ಜನರಿಗೂ ಹಾಗೇ ಆಯಿತು. ಎರಡು ನಿಮಿಷ ಹುಡುಕಿ, ಯಾರದ್ದಾದರೇನು ಎಂದು ನಗುತ್ತ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋದರು. ನಾನು ಲೋಟ ತೊಳೆದು ಬಂದಾಗ ಸಿಕ್ಸ್ಟೆನ್ ಖಾಲಿ ಮೇಜಿನ ಮುಂದೆ ಕೂತಿದ್ದ.

"ಇಷ್ಟು ವರ್ಷ ಆ ಕ್ಲಾಸಲ್ಲಿ ನಾನೊಬ್ನೇ ಇದ್ದೆ ಕಣೆ, ಗುನ್ನೆಲ್" ಎಂದ.

ಹಾಗಲ್ಲ ಎನ್ನಬೇಕಿತ್ತು ನಾನು. ಕುರ್ಚಿ ಎಳೆದು ಅವನ ಎದುರಿಗೆ ಕೂತೆ.