ಎರಡು ಬಚ್ಚಲಿನ ನೀಲಾವತಿ

ನೆಲ್ಯಾಡಿಯ ಆಸುಪಾಸಿನಲ್ಲಿ ಮಗು ಹುಟ್ಟಿತೆಂದರೆ ಮನೆಯವರು ನಕ್ಷತ್ರ ಕೇಳುವ ಮೊದಲು ನೀಲಾವತಿಗೆ ಬಿಡುವು ಉಂಟಾ ಎಂದು ಕೇಳುತ್ತಾರೆ. ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಿ ಬಿಸಿನೀರಲ್ಲಿ ಮೀಯಿಸುವುದು ಅವಳ ಕೆಲಸ. ಮೂವತ್ತೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದಾಳೆ. ಹಿಂದೂ ಮಕ್ಕಳು, ಬ್ಯಾರಿ ಮುಸಲ್ಮಾನರ ಮಕ್ಕಳು, ಕೇರಳದಿಂದ ಬಂದು ರಬ್ಬರ್ ನೆಟ್ಟವರ ಮಕ್ಕಳು, ಎಲ್ಲರೂ ಅವಳ ಚಾಚಿದ ಕಾಲುಗಳ ಮೇಲೆ ಮಲಗಿ ಮಿಂದವರೇ. ಈಗ ಪಂಚಾಯತ್ ಸದಸ್ಯನಾಗಿರುವವನು ಸಹ ಪೇಟೆಯಲ್ಲಿ ಅವಳನ್ನು ಕಂಡರೆ ಆಚೆ ಬದಿಗೆ ಹೋಗುತ್ತಾನೆ. "ಇವನ ಮೂಗು ಅಪ್ಪಚ್ಚಿ ಇತ್ತು, ತಿಕ್ಕಿ ತಿಕ್ಕಿ ಎಬ್ಬಿಸಿದ್ದು ನಾನು" ಎಂದು ನಾಲ್ಕು ಜನರ ಎದುರು ಹೇಳಿಬಿಟ್ಟಾಳೆಂದು ಅವನಿಗೆ ಹೆದರಿಕೆ.

ಅವಳಿಗೊಂದು ನೇಮ ಇತ್ತು. ಒಂದು ಬಾಣಂತನಕ್ಕೆ ನಲ್ವತ್ತು ದಿನ ಮೀಯಿಸುವುದು, ಹಿಡಿದ ಮೇಲೆ ಅದನ್ನು ನಡುವೆ ಬಿಡುವುದಿಲ್ಲ. ದೇವರ ದೀಪಕ್ಕೆ ಬತ್ತಿ ಇಟ್ಟು, ಹಚ್ಚದೆ ಎದ್ದು ಹೋದ ಹಾಗೆ ಅದು ಅವಳಿಗೆ. ಒಮ್ಮೆ ಕಾಲು ಉಳುಕಿದಾಗಲೂ ರಿಕ್ಷಾ ಮಾಡಿಕೊಂಡು ಬಂದು ಮೀಯಿಸಿ ಹೋಗಿದ್ದಳು. ಬಿಟ್ಟುಹೋದ ಮಗು ಎಂಬುದು ಅವಳ ಲೆಕ್ಕದಲ್ಲಿ ಒಂದೂ ಇರಲಿಲ್ಲ.

ಕೊರೊನದ ಎರಡನೆಯ ವರ್ಷ, ಜುಲೈ ತಿಂಗಳಲ್ಲಿ, ಅವಳ ಕೈಗೆ ಒಟ್ಟಿಗೇ ಎರಡು ಮನೆ ಬಂದವು. ಬೆಳಿಗ್ಗೆ ಏಳಕ್ಕೆ, ಕೇರಳದಿಂದ ಬಂದ ಕ್ರಿಸ್ತಿಯನ್ ಹೆಂಗಸು ಜೋಳಿಯ ಮನೆ. ಒಂಬತ್ತಕ್ಕೆ, ಅಲ್ಲಿಂದ ಒಂದೂವರೆ ಮೈಲು ಆಚೆ, ಕೃಷ್ಣಮೋಹನನ ಮನೆ.

ಜೋಳಿಯ ಸೊಸೆ ಷಿಜಿ ಕುವೈತಿನಲ್ಲಿ ನರ್ಸ್. ಹೆರಿಗೆಗೆಂದು ಊರಿಗೆ ಬಂದವಳು. ಆ ಮನೆಯ ಗೇಟಿನಲ್ಲೇ ಒಂದು ಬಾಲ್ದಿ ನೀರು, ಸಾಬೂನು. ಕೈಕಾಲು ತೊಳೆದು, ಹಿಂದಿನ ಕೊಟ್ಟಿಗೆಯಲ್ಲಿ ಸೀರೆ ಬಿಚ್ಚಿಟ್ಟು, ಅವರೇ ಕೊಟ್ಟ ನೈಟಿ ತೊಟ್ಟು, ಒಂದರ ಮೇಲೊಂದು ಎರಡು ಮಾಸ್ಕ್ ಕಟ್ಟಿಕೊಂಡ ಮೇಲೆ ಬಚ್ಚಲಿಗೆ ಪ್ರವೇಶ. ಜೋಳಿ ಸ್ಯಾನಿಟೈಸರಿನ ಬಾಟಲಿ ಹಿಡಿದು ಹಿಂದೆಯೇ ಬರುತ್ತಿದ್ದಳು. ಒಂದು ದಿನ ತೆಂಗಿನೆಣ್ಣೆಯ ಕುಪ್ಪಿಗೂ ಹೊಡೆದಳು.

"ಜೋಳಿ ಚೇಚಿ, ಎಣ್ಣೆಗೂ ಕೊರೊನ ಬರ್ತದಾ?"

"ಬರುದಿಲ್ಲ ಅಂತ ನಿನಗೆ ಯಾರು ಹೇಳಿದ್ದು?"

ನೀಲಾವತಿ ಕುಪ್ಪಿಯನ್ನು ನೈಟಿಗೆ ಒರೆಸಿ ಎಣ್ಣೆ ಕೈಗೆ ಸುರಿದುಕೊಂಡಳು.

ಕೃಷ್ಣಮೋಹನನ ಮನೆಯಲ್ಲಿ ಮಾಸ್ಕ್ ಹಾಕಿದವರಿಗೆ ಅಂಗಳಕ್ಕೂ ಪ್ರವೇಶ ಇಲ್ಲ. ಅವನು ಹಿಂದೊಮ್ಮೆ ಹತ್ತು ದಿನದ ಪ್ರಕೃತಿ ಚಿಕಿತ್ಸೆಯ ಶಿಬಿರಕ್ಕೆ ಹೋಗಿದ್ದ. ಬರುವಾಗ ಕುಂಬಳಕಾಯಿ ರಸ ಕುಡಿಯುವ ಅಭ್ಯಾಸವನ್ನೂ, ಟಿಪ್ಪಣಿ ಬರೆದ ಒಂದು ಪುಸ್ತಕವನ್ನೂ ತಂದಿದ್ದ. ಯಾವ ಪ್ರಶ್ನೆಗೂ ಆ ಪುಸ್ತಕದಲ್ಲಿ ಉತ್ತರ ಇತ್ತು. "ಮಗು ಮನುಷ್ಯರ ಮುಖ ನೋಡಿ ಬೆಳೀಬೇಕು ನೀಲಕ್ಕ, ಬಟ್ಟೆ ನೋಡಿ ಅಲ್ಲ" ಎನ್ನುತ್ತಿದ್ದ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಗಾನಶ್ರೀಯ ಬಾಣಂತನ ಅವನೊಬ್ಬನ ತಲೆಯ ಮೇಲೆ. ಅವಳಿಗೆ ಸಿಸೇರಿಯನ್ ಆದ್ದರಿಂದ ನೆಲದಲ್ಲಿ ಕೂರಲು ಆಗುತ್ತಿರಲಿಲ್ಲ. ಹಾಗಾಗಿ ನೀಲಾವತಿ ಬಾರದೆ ಆ ಮನೆಯಲ್ಲಿ ನೀರೇ ಬಿಸಿಯಾಗುತ್ತಿರಲಿಲ್ಲ.

ಎರಡು ಮನೆಗಳ ನಡುವೆ ಒಂದು ಬಸ್ ಸ್ಟ್ಯಾಂಡ್. ನೀಲಾವತಿ ಅಲ್ಲಿ ನಿಂತು ಮಾಸ್ಕ್ ಬಿಚ್ಚಿ ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಅಷ್ಟರಲ್ಲಿ ಒಂದು ಧರ್ಮ ಬಿಟ್ಟು ಇನ್ನೊಂದಕ್ಕೆ ಸೇರಿದ ಹಾಗೆ ಆಗುತ್ತಿತ್ತು ಅವಳಿಗೆ.

ಮೊದಲ ದಿನವೇ ಷಿಜಿ ಕೇಳಿದ್ದಳು, "ನೀಲಕ್ಕ, ವ್ಯಾಕ್ಸಿನ್ ಆಗಿದೆಯಲ್ಲ?"

"ಆಗದೆ ಮತ್ತೆ!"

ಅದೇ ದಿನ ಒಂಬತ್ತು ಗಂಟೆಗೆ ಕೃಷ್ಣಮೋಹನ ಕೇಳಿದ, "ಸೂಜಿಗೀಜಿ ಹಾಕಿಸ್ಲಿಲ್ಲ ಅಲ್ವಾ? ಹಾಕಿಸಿದವರ ಮೈಯಿಂದ ವಿಷದ ಗಾಳಿ ಬರ್ತದೆ. ಮಗುವಿಗೆ ಆಗ್ಲಿಕ್ಕಿಲ್ಲ."

"ಶಿವ ಶಿವ, ನಾನಾ!"

ಸಂಜೆ ದೀಪ ಹಚ್ಚುವಾಗ ದೇವರಿಗೆ ಒಪ್ಪಿಸಿದಳು, "ಎರಡರಲ್ಲಿ ಒಂದು ಮಾತ್ರ ಸುಳ್ಳು ಸ್ವಾಮೀ. ಅರ್ಧ ಮಾಫಿ ಮಾಡು."

ನಿಜಕ್ಕೂ ಅವಳು ಹಾಕಿಸಿಕೊಂಡಿರಲಿಲ್ಲ. ವಿಷದ ಗಾಳಿಯ ನಂಬಿಕೆಯಿಂದಲ್ಲ, ಸೂಜಿಯ ಹೆದರಿಕೆಯಿಂದ. ನಲ್ವತ್ತೈದನೆಯ ದಿನ ಮಕ್ಕಳಿಗೆ ಇಂಜೆಕ್ಷನ್ ಹಾಕಿಸಲು ಹೋಗುವಾಗ, ನೋಡಲಾಗದೆ ಕಣ್ಣು ಮುಚ್ಚಿದ ತಾಯಂದಿರ ಕೈಯಿಂದ ಮಗುವನ್ನು ತೆಗೆದುಕೊಂಡು ಕಾಲು ಗಟ್ಟಿ ಹಿಡಿಯುತ್ತಿದ್ದವಳು ಅವಳೇ. ಬೇರೆಯವರ ತೊಡೆಗೆ ಸೂಜಿ ಚುಚ್ಚುವಾಗ ಅವಳಷ್ಟು ಧೈರ್ಯವಂತೆ ಈ ಸೀಮೆಯಲ್ಲಿ ಇರಲಿಲ್ಲ.

ಹನ್ನೊಂದನೆಯ ದಿನ ಜೋಳಿ ಬಚ್ಚಲ ಬಾಗಿಲಲ್ಲಿ ನಿಂತು ಹೇಳಿದಳು, "ನೀಲಾವತಿ, ಆ ಕಾಗದ ಒಂದು ತಂದು ತೋರಿಸು. ವ್ಯಾಕ್ಸಿನ್ದು."

"ಕಾಗದ ಎಂತಕ್ಕೆ ಚೇಚಿ, ನನ್ನ ಮಾತು ಸಾಲುದಿಲ್ವಾ?"

"ಮಾತಿಗೆ ಸೀಲ್ ಇಲ್ಲ. ನಾಳ್ದು ಒಳಗೆ ತಾ. ಇಲ್ಲದಿದ್ರೆ ಕುಂಬ್ರದಲ್ಲಿ ಒಬ್ಬಳು ಇದ್ದಾಳೆ, ಮೀಯಿಸುವವಳು. ಎರಡೂ ಡೋಸ್ ಆಗಿದೆಯಂತೆ."

ಮಗುವಿಗೆ ನೀರು ಹೊಯ್ಯುತ್ತಲೇ ನೀಲಾವತಿ ಲೆಕ್ಕ ಹಾಕಿದಳು. ಸೂಜಿ ಹಾಕಿಸಿಕೊಂಡರೆ ಕೃಷ್ಣಮೋಹನನ ಮನೆಯ ನಲ್ವತ್ತು ಹೋಯಿತು. ಹಾಕಿಸದಿದ್ದರೆ ಜೋಳಿಯ ಮನೆಯದು. ಮೂವತ್ತೊಂದು ವರ್ಷ ಬಿಡದೆ ಬಂದದ್ದು ಈಗ ಹೇಗಾದರೂ ಬಿಡಬೇಕು, ಯಾವುದನ್ನು ಎಂಬುದಷ್ಟೇ ಅವಳ ಕೈಯಲ್ಲಿ.

ಆಶಾ ಕಾರ್ಯಕರ್ತೆ ರಾಜೀವಿಯ ಮನೆಗೆ ಹೋದಳು.

"ನಾಳೆ ಮಧ್ಯಾಹ್ನ ಶಾಲೆಯಲ್ಲಿ ಉಂಟು ನೀಲಕ್ಕ. ಆಧಾರ್ ಹಿಡ್ಕೊಂಡು ಬನ್ನಿ."

"ಯಾರಿಗೂ ಗೊತ್ತಾಗ್ಬಾರ್ದು ಆಯ್ತಾ."

"ಇನ್ನೂರು ಜನ ಬರುವ ಜಾಗ ಮಾರಾಯ್ರೆ. ಕಂಬಳಿ ಹೊದ್ದುಕೊಂಡು ಬನ್ನಿ ಬೇಕಾದ್ರೆ."

ಮರುದಿನ ಶಾಲೆಯ ಜಗಲಿಯಲ್ಲಿ ಸಾಲು. ಮೂರು ಸಲ ಟೋಕನ್ ಸಿಗದೆ ಹಿಂದೆ ಹೋದವರು ಬೈಯುತ್ತಿದ್ದರು. ಒಬ್ಬ ಹಾಕಿಸಲು ಬಂದವನಲ್ಲ, ಹಾಕಿಸಿದವರಿಗೆ ಏನಾಗುತ್ತದೆ ಎಂದು ನೋಡಲು ಮರದಡಿ ಕೂತಿದ್ದ, ಅಷ್ಟು ಹೊತ್ತಾದರೂ ಯಾರಿಗೂ ಏನೂ ಆಗದೆ ಅವನಿಗೆ ಬೇಸರ ಬಂದಿತ್ತು. ನೀಲಾವತಿ ಎರಡು ಸಲ ಸಾಲಿನ ಕೊನೆಗೆ ಹೋಗಿ ನಿಂತಳು. ಮೂರನೆಯ ಸಲ ಹೊರಟಾಗ ಪಾತು ಅವಳ ಸೆರಗು ಹಿಡಿದಳು. ಪಾತುವಿನ ನಾಲ್ಕೂ ಮಕ್ಕಳನ್ನು ಮೀಯಿಸಿದವಳು ನೀಲಾವತಿ.

"ಎಲ್ಲಿಗೆ ಹೋಗುದು? ನನ್ನ ಮಗುವಿಗೆ ಸೂಜಿ ಹಾಕುವಾಗ ನಾನು ಅತ್ತದ್ದಕ್ಕೆ ಎಂತೆಲ್ಲ ಬೈದಿದ್ದಿ ನೀನು ನನಗೆ! 'ಹೆತ್ತವಳಾ ನೀನು, ಹೆದರುಪುಕ್ಕಲಿ' ಅಂತ. ಈಗ ನಡಿ."

ಕುರ್ಚಿಯಲ್ಲಿ ಕೂರಿಸಿದ್ದೂ ಪಾತುವೇ. ನರ್ಸ್ ಹುಡುಗಿ ಕೇಳಿದಳು, "ಯಾವ ಕೈಗೆ ಅಮ್ಮ?"

"ಅದೇ ಯೋಚನೆ ಮಗಾ. ಎಡಗೈಯಲ್ಲಿ ನಾನು ಮಗುವಿನ ಕತ್ತು ಹಿಡಿಯುದು."

"ಹಾಗಾದ್ರೆ ಬಲಗೈ."

"ಬಲಗೈಯಲ್ಲಿ ಬಿಸಿನೀರು ಹೊಯ್ಯುದಲ್ವಾ? ಜಾರಿದ್ರೆ? ಮಕ್ಕಳಿಗೆ ಹಾಕಿದ ಹಾಗೆ ತೊಡೆಗೆ ಹಾಕಿಬಿಡು." ಒಂದು ಗಳಿಗೆ ಯೋಚಿಸಿ ತಲೆ ಅಲ್ಲಾಡಿಸಿದಳು. "ಬೇಡ ಬೇಡ. ಮಗು ಮಲಗುದೇ ಕಾಲ ಮೇಲೆ. ಬೆನ್ನಿಗೆ ಆಗ್ತದಾ?"

ಹಿಂದಿನಿಂದ ಯಾರೋ ಕೂಗಿದರು, "ನಾಲಗೆಗೆ ಹಾಕಿ ಸಿಸ್ಟರ್, ಮೀಯಿಸ್ಲಿಕ್ಕೆ ಅದು ಬೇಡ!"

"ಅಯ್ಯೋ, ಅದೇ ಜಾಸ್ತಿ ಬೇಕಾಗುದು ಅವಳಿಗೆ" ಎಂದಳು ಪಾತು. ಎಲ್ಲರೂ ನಗುವಾಗ ನೀಲಾವತಿಯೂ ನಕ್ಕಳು. ಅಷ್ಟರಲ್ಲಿ ಎಡ ತೋಳಿಗೆ ಹಾಕಿ ಆಗಿತ್ತು.

ಮರುದಿನ ಬೆಳಿಗ್ಗೆ ತೋಳು ಒನಕೆಯ ಹಾಗೆ ಭಾರ, ಮೈ ಬೆಚ್ಚಗೆ. ಹಾಗೆಯೇ ಜೋಳಿಯ ಮನೆಗೆ ಹೋಗಿ, ರಾಜೀವಿ ತೆಗೆಸಿಕೊಟ್ಟ ಕಾಗದ ನೀಡಿದಳು. ಓದಿದ್ದು ಷಿಜಿ.

"ನೀಲಕ್ಕ, ಇದರಲ್ಲಿ ನಿನ್ನೆಯ ತಾರೀಕು ಉಂಟಲ್ಲ!"

ಜೋಳಿ ಶಿಲುಬೆಯ ಗುರುತು ಮಾಡಿಕೊಂಡಳು. "ಎನ್ಡೆ ದೈವಮೇ, ಹನ್ನೆರಡು ದಿನ!" ಎಂದು ಕಾಗದದ ಮೇಲೆ ಸ್ಯಾನಿಟೈಸರ್ ಹೊಡೆದಳು. ಶಾಯಿ ಹರಡಿ ತಾರೀಕು, ಹೆಸರು, ಸೀಲು ಎಲ್ಲ ಒಂದಾಯಿತು.

"ಈಗ ನೀವೇ ಸಾಕ್ಷಿ ಅಳಿಸಿದ್ದು ಅಮ್ಮಚ್ಚಿ" ಎಂದು ಷಿಜಿ ನಕ್ಕುಬಿಟ್ಟಳು. ನೀಲಾವತಿಗೆ ಜ್ವರದ ಮಾತ್ರೆ ಕೊಟ್ಟಳು. ಆ ದಿನ ಮಗುವಿನ ಕತ್ತು ತಾನು ಹಿಡಿದಳು, ನೀಲಾವತಿ ನೀರು ಹೊಯ್ದಳು. ಜೋಳಿ ಮೂರು ದಿನ ಮುಖ ಗಂಟು ಹಾಕಿದಳು, ಆದರೆ ಕುಂಬ್ರದವಳ ಹೆಸರು ಎತ್ತಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಮಾಸ್ಕ್ ಬಿಚ್ಚುವಾಗ ನೀಲಾವತಿ ನಿರ್ಧಾರ ಮಾಡಿದಳು. ಒಂದು ಸುಳ್ಳು ಮುಗಿಯುವಾಗ ಇನ್ನೊಂದು ಸುಳ್ಳು ಹುಟ್ಟಿದೆ. ಇದಕ್ಕೆ ನಲ್ವತ್ತು ದಿನ ಬಾಣಂತನ ಮಾಡಲು ಅವಳಿಂದ ಆಗದು.

ಅಂಗಳದಲ್ಲೇ ಹೇಳಿದಳು, "ಮೋಹನಣ್ಣ, ನಾನು ನಿನ್ನೆ ಸೂಜಿ ಹಾಕಿಸಿದೆ."

ಕೃಷ್ಣಮೋಹನ ಎರಡು ಹೆಜ್ಜೆ ಹಿಂದೆ ಹೋದ. ಒಳಗೆ ಹೋಗಿ ಪುಸ್ತಕ ತಂದು ಬಹಳ ಹೊತ್ತು ಪುಟ ತಿರುಗಿಸಿದ. "ಯಾವ ವಿಷವಾದ್ರೂ ಮೈಯಿಂದ ಇಳಿಲಿಕ್ಕೆ ಮೂರು ದಿನ. ಮೂರು ದಿನ ನೀವು ಮಗುವನ್ನು ಮುಟ್ಟುವ ಹಾಗಿಲ್ಲ. ಬೇರೆ ಯಾರನ್ನಾದ್ರೂ ನೋಡುದು."

"ಕುಂಬ್ರದವಳು ಒಬ್ಬಳಿದ್ದಾಳೆ. ಅವಳಿಗೆ ಎರಡೂ ಆಗಿದೆ."

ಕೃಷ್ಣಮೋಹನ ಪುಸ್ತಕ ಮುಚ್ಚಿದ. ಒಳಗಿನಿಂದ ಗಾನಶ್ರೀಯ ಸ್ವರ ಬಂತು, "ಅಪ್ಪ ಮೀಯಿಸ್ತಾರೆ. ವಿಷ ಇಲ್ಲದವರು ಊರಲ್ಲಿ ಅವರೊಬ್ರೇ ಉಳಿದದ್ದು."

ನೀಲಾವತಿ ಹೊರಡಲಿಲ್ಲ. "ನಾನು ದೂರ ಕೂತು ಹೇಳಿಕೊಡ್ತೇನೆ. ಹಾಗಾದ್ರೆ ನಲ್ವತ್ತು ತಪ್ಪಿದ ಹಾಗೆ ಆಗುದಿಲ್ಲ" ಎಂದಳು. ಕೃಷ್ಣಮೋಹನ ಬಚ್ಚಲಿನಿಂದ ಆರು ಅಡಿ ಅಳೆದು ಅವಳಿಗೊಂದು ಮಣೆ ಇಟ್ಟ. ಗಾಳಿ ಆ ಕಡೆಯಿಂದ ಬೀಸುತ್ತಿತ್ತು, ಹಾಗಾಗಿ ಹೆಗಲ ಮೇಲಿನ ಬೈರಾಸನ್ನು ಮೂಗಿಗೆ ಸುತ್ತಿ ಗಂಟು ಹಾಕಿಕೊಂಡ.

"ಅಪ್ಪಾ, ಮಗು ಬಟ್ಟೆ ನೋಡಿ ಬೆಳೀಬಾರ್ದು ಅಂದಿದ್ರಿ" ಎಂದಳು ಮಗಳು.

"ನೀನು ಸುಮ್ಮನೆ ಇರು."

ಪಂಚೆ ಎತ್ತಿ ಕಟ್ಟಿ, ಮರದ ಹಾಗೆ ಸೆಟೆದ ಕಾಲುಗಳನ್ನು ನೀಡಿ ಕೂತ. ಮಗುವನ್ನು ಮಲಗಿಸಿಕೊಂಡದ್ದೇ ಅದು ಅವನ ಪಂಚೆಯನ್ನು ಒದ್ದೆ ಮಾಡಿತು.

"ಮೊಣಕಾಲು ಮಡಚಬೇಡಿ ಅಣ್ಣ, ಮಗು ಗುಂಡಿಗೆ ಇಳೀತದೆ! ಎಣ್ಣೆ ನೆತ್ತಿಗೆ, ನೆತ್ತಿಗೆ! ಅದು ಹಣೆ. ತಿಕ್ಕುದು, ತಟ್ಟುದಲ್ಲ, ಅದು ದೋಸೆಯಾ? ನೀರು ಒಮ್ಮೆ ಕೈಗೆ ಹೊಯ್ದು ನೋಡಿ. ಮಗುವಿನ ಕೈಗಲ್ಲ ಮಾರಾಯ್ರೆ, ನಿಮ್ಮ ಕೈಗೆ!"

ಮಗು ಕಿರುಚಿದ್ದಕ್ಕೆ ರಸ್ತೆಯಲ್ಲಿ ಹೋಗುವವರು ನಿಂತು ಕೇಳಿದರು. ಮೊದಲ ದಿನ ಕೃಷ್ಣಮೋಹನ ಎದ್ದು ನಿಲ್ಲಲು ಕಂಬ ಹಿಡಿಯಬೇಕಾಯಿತು. ಎರಡನೆಯ ದಿನ ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ಬಂದು ಕೂತ. ಮೂರನೆಯ ದಿನ, ಇನ್ನೂ ಬಚ್ಚಲಿಗೆ ಇಳಿಯುವ ಮೊದಲೇ, "ನೀಲಕ್ಕ, ಮೂರು ದಿನ ಅಂದ್ರೆ ಹಾಕಿಸಿದ ದಿನವೂ ಸೇರಿ ಅಂತ ಕಾಣ್ತದೆ. ನಾನು ಪುಸ್ತಕ ಸರಿ ನೋಡಿರಲಿಲ್ಲ" ಎಂದ.

"ಸರಿ ನೋಡಿ ಅಣ್ಣ. ಆಮೇಲೆ ಮಗುವಿಗೆ ಏನಾದ್ರೂ ಆದ್ರೆ ನನ್ನ ತಲೆಗೆ ಬರ್ತದೆ."

"ನೋಡಿದೆ, ನೋಡಿದೆ. ಎರಡನೇ ಸೂಜಿ ಯಾವಾಗ ನಿಮಗೆ?"

"ಎಂಬತ್ತನಾಲ್ಕು ದಿನ ಕಳೆದು."

ಬೆರಳು ಮಡಚಿ ಲೆಕ್ಕ ಹಾಕಿದ. "ಅಷ್ಟರಲ್ಲಿ ನಲ್ವತ್ತು ಮುಗಿದಿರ್ತದೆ. ನನ್ನದು ತಕರಾರಿಲ್ಲ."

ನೀಲಾವತಿ ಮಣೆಯಿಂದ ಎದ್ದು ಬಚ್ಚಲಿಗೆ ಇಳಿದಳು. ತೋಳು ಇನ್ನೂ ಸ್ವಲ್ಪ ಹಿಡಿಯುತ್ತಿತ್ತು. ಕಾಲು ನೀಡಿ ಕೂತು, ದೇವರ ಹೆಸರು ಹೇಳಿ, ಮಗುವನ್ನು ತೆಗೆದುಕೊಂಡಳು. ಕೃಷ್ಣಮೋಹನ ಮೂಗಿನ ಬೈರಾಸು ಬಿಚ್ಚಿ ಬಾಗಿಲಲ್ಲಿ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಮೊದಲ ಚೆಂಬು ನೀರು ಬಿದ್ದದ್ದೇ ಮಗು ಹಿಂದಿನ ಎರಡು ದಿನಕ್ಕಿಂತಲೂ ಜೋರಾಗಿ ಚೀರಿತು. ಅವನ ಮುಖ ಅರಳಿತು.

"ಗಾನೂ, ಕೇಳಿದೆಯಾ! ನೀಲಕ್ಕನ ಕೈಯಲ್ಲೂ ಅಳ್ತದೆ!"

"ಅಳ್ಬೇಕು ಅಣ್ಣ" ಎಂದಳು ನೀಲಾವತಿ, ಎರಡನೆಯ ಚೆಂಬು ಎತ್ತುತ್ತ. "ಅತ್ತರೇ ಮಿಂದ ಹಾಗೆ. ನಿಂತು ನೋಡುದೆಂತ, ಹಂಡೆಗೆ ಎರಡು ಕೊಡ ನೀರು ಹಾಕಿ. ಇದು ಹದಿನೈದನೆಯ ದಿನ, ಇನ್ನು ಇಪ್ಪತ್ತೈದು ಉಂಟು."