ಕಡತನುಂಗನ ಬೆನ್ನು

ನಮ್ಮ ಕೆಳಗಿನ ಮನೆಯ ಏಕನಾಥರಾಯರು ಯಾರಿಗೂ ‘ಆಗುವುದಿಲ್ಲ’ ಎಂದವರಲ್ಲ. ದೆಹಲಿಯ ಜನಕಪುರಿಯ ಈ ಕಟ್ಟಡದಲ್ಲಿ ಇಪ್ಪತ್ತೆರಡು ವರ್ಷದಿಂದ ಅವರ ತಲೆಯ ಮೇಲೇ ಸಂಸಾರ ಮಾಡುತ್ತಿರುವ ನನಗೆ ಇದನ್ನು ಹೇಳುವ ಹಕ್ಕಿದೆ. ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಅವರು ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದರು. ಬಹುಪಾಲು ತಾಳೆ ನೋಡುವ ಕೆಲಸ. ಒಬ್ಬರು ಮೂಲ ಕಾಗದವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನಕಲಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ನೋಡುತ್ತ ಹೋಗಬೇಕು. ಮೂಲದಲ್ಲಿರುವುದು ಸರಿಯೋ ತಪ್ಪೋ ಎಂದು ಕೇಳುವ ಹಾಗಿಲ್ಲ. ಎರಡೂ ಒಂದೇ ಆಗಿದ್ದರೆ ಸಹಿ, ಅಷ್ಟೇ.

ಇಂಥ ಮನುಷ್ಯ ಮನೆಗೆ ಬಂದು ಮಾಡುತ್ತಿದ್ದುದು ಲೋಕದಲ್ಲಿ ಯಾವುದಕ್ಕೂ ತಾಳೆಯಾಗದ ಪ್ರಾಣಿಗಳನ್ನು. ಕೊಕ್ಕರೆ ಕಾಲಿನ ಎಮ್ಮೆ, ಹಲ್ಲಿ ಬಾಲದ ಹುಂಜ. ಯಾರೂ ಕಲಿಸಿದ ವಿದ್ಯೆಯಲ್ಲ. ಹಳೆಯ ಪತ್ರಿಕೆಗಳನ್ನು ಬಕೆಟ್ಟಿನಲ್ಲಿ ನೆನೆಸಿ, ಮೆಂತ್ಯ ರುಬ್ಬಿ ಕಲಸಿದರೆ ಒಳ್ಳೆಯ ಮುದ್ದೆ ಸಿಗುತ್ತದೆ. ಊರಲ್ಲಿ ಹೆಂಗಸರು ಬಿದಿರಿನ ಬುಟ್ಟಿಗೆ ಬಳಿಯುತ್ತಿದ್ದುದು ಇದನ್ನೇ. ರುಬ್ಬುವುದು ಅವರ ಹೆಂಡತಿ ಲೀಲಾವತಿ, ರೂಪ ಕೊಡುವುದು ರಾಯರು, ವಾಸನೆ ಕುಡಿಯುವುದು ಮೇಲಿನ ಮನೆಯ ನಾನು.

ಅವುಗಳಲ್ಲೆಲ್ಲ ನನಗೆ ಇಷ್ಟವಾದದ್ದು ಕಡತನುಂಗ. ಮೇಕೆ ಮುಖ, ಆಮೆ ಕಾಲು, ನಿವೃತ್ತಿಗೆ ಹತ್ತಿರವಾದ ಅಧಿಕಾರಿಯ ಹೊಟ್ಟೆ. ಕಳೆದ ವರ್ಷ ನನ್ನ ಸ್ನೇಹಿತೆಯ ಮಗಳು ಹರ್ಷಿಣಿ ನನ್ನ ಜೊತೆ ರಾಯರ ಮನೆಗೆ ಊಟಕ್ಕೆ ಬಂದವಳು ಅದನ್ನು ನೋಡಿ ಕೂತಲ್ಲಿಂದ ಎದ್ದುಬಿಟ್ಟಳು. ಅವಳು ಹೌಜ್ ಖಾಸ್‌ನ ಒಂದು ಕಲಾ ಗ್ಯಾಲರಿಯಲ್ಲಿ ಕೆಲಸ ಮಾಡುತ್ತಾಳೆ.

“ಅಂಕಲ್, ಯೇ ತೋ ಕಮಾಲ್ ಹೈ! ಇದನ್ನ ಕಂಚಲ್ಲಿ ಮಾಡೋಣ. ಬರೀ ಟ್ವೆಲ್ವ್ ಪೀಸ್. ಆಮೇಲೆ ಅಚ್ಚು ಒಡೆದುಬಿಡೋದು. ಪ್ರತಿಯೊಂದಕ್ಕೂ ನಂಬರ್, ಜೊತೆಗೆ ‘ಮೂಲದಂತೆಯೇ ಇದೆ’ ಅಂತ ನಿಮ್ಮ ಸೈನ್.”

ರಾಯರ ಮುಖ ಅರಳಿತು. ಅರಳದೆ ಏನು, ಮೂಲದಂತೆಯೇ ಇದೆ ಎಂದು ಸಹಿ ಹಾಕುವುದು ಅವರಿಗೆ ಹೊಸತೇ? ಕಡತನುಂಗನನ್ನು ಹಳೆ ರಜಾಯಿಯಲ್ಲಿ ಸುತ್ತಿ, ಗ್ರೇಟರ್ ನೋಯ್ಡಾದ ಎರಕದ ಕಾರ್ಖಾನೆಗೆ ನಾನೇ ನನ್ನ ಕಾರಿನಲ್ಲಿ ಮುಟ್ಟಿಸಿ ಬಂದೆ.

ತಿಂಗಳ ನಂತರ ಮಾದರಿಯ ಕಂಚಿನ ಪ್ರತಿಯೂ ಮೂಲವೂ ಒಟ್ಟಿಗೆ ಮನೆಗೆ ಬಂದವು. ಮೂಲಕ್ಕೆ ಮೆರುಗು ಹಚ್ಚಿದ್ದರು, ಅಚ್ಚಿಗೆ ಅಂಟಬಾರದೆಂದು. ರಾಯರು ಎರಡನ್ನೂ ಮೇಜಿನ ಮೇಲಿಟ್ಟು, ಎಡಗೈ ಮೂಲದ ಮೇಲೆ, ಬಲಗೈ ಕಂಚಿನ ಮೇಲೆ ಇಟ್ಟು ಕೊಂಬಿನಿಂದ ಬಾಲದವರೆಗೆ ತಾಳೆ ನೋಡಿದರು. ಒಂದು ಗಂಟೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹರ್ಷಿಣಿ ಕಳಿಸಿದ್ದ ಹನ್ನೆರಡು ಕಾಗದಗಳಿಗೂ ಸಹಿ ಬಿತ್ತು.

ಲೀಲಾವತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು ಕಂಚಿನ ಬೆನ್ನು ಸವರಿದಳು. ಆಮೇಲೆ ಮೂಲದ ಬೆನ್ನು ಸವರಿದಳು.

“ರೀ, ಗುಳಿ ಎಲ್ಲಿ?”

“ಯಾವ ಗುಳಿ?”

“ಬೆನ್ನ ಮೇಲಿತ್ತಲ್ಲ, ಸಾಲಾಗಿ. ನನ್ನ ಹೆಬ್ಬೆರಳಿಂದು.”

“ಎರಡೂ ಒಂದೇ ಇವೆ ಲೀಲಾ. ತಾಳೆ ನೋಡಿದ್ದೀನಿ.”

“ಹೋಗ್ಲಿ ಬಿಡಿ,” ಎಂದು ಅವಳು ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಒಲೆಯ ಮುಂದೆ ನಿಂತು ಅಳುತ್ತಿದ್ದಳು. “ಪ್ರತಿಯೊಂದಕ್ಕೂ ಒಣಗಿದೆಯಾ ಅಂತ ನಾನೇ ಒತ್ತಿ ನೋಡ್ತಿದ್ದೆ ಇಂದಿರಾ. ಇವರು ಆಫೀಸಲ್ಲಿರುವಾಗ ಬಾಲ್ಕನಿಯಲ್ಲಿ ದಿನಾ ಒಂದೊಂದು ಕಡೆ, ಸಂಡಿಗೆ ನೋಡೋ ಹಾಗೆ. ಇವರಿಗೆ ಅದು ಕಂಡೇ ಇಲ್ಲ.”

ನನಗೆ ರಾಯರ ಮೇಲೆ ಕೆಂಡದಂಥ ಸಿಟ್ಟು ಬಂತು. ಹೊರಗೆ ಬಂದು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವರು ಕಪಾಟಿನ ಮುಂದೆ ನಿಂತಿದ್ದರು. ಕೊಕ್ಕರೆ ಕಾಲಿನ ಎಮ್ಮೆಯನ್ನು ತಿರುಗಿಸಿ ಹಿಡಿದು, ಅದರ ಬೆನ್ನಿನ ಗುಳಿಯಲ್ಲಿ ತಮ್ಮ ಹೆಬ್ಬೆರಳು ಇಡಲು ನೋಡುತ್ತಿದ್ದರು. ಬೆರಳು ದಪ್ಪ, ಹಿಡಿಸಲಿಲ್ಲ. ಹುಂಜವನ್ನು ತೆಗೆದರು. ಅದರಲ್ಲೂ ಹಾಗೇ. ಇಪ್ಪತ್ತಕ್ಕೂ ಹೆಚ್ಚು ಪ್ರಾಣಿಗಳನ್ನು ಒಂದೊಂದಾಗಿ ಇಳಿಸಿ ನೋಡಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಆಮೇಲೆ ಕೆಂಪು ಪೆನ್ನು ತೆಗೆದುಕೊಂಡು ಹನ್ನೆರಡು ಕಾಗದಗಳ ಮೇಲೂ ಅಡ್ಡಗೆರೆ ಎಳೆದು ‘ರದ್ದು’ ಎಂದು ಬರೆದರು. ಹರ್ಷಿಣಿಗೆ ಫೋನು ಹಚ್ಚಿದರು.

“ಸಹಿ ಆಗುವುದಿಲ್ಲಮ್ಮ.”

“ಅಂಕಲ್, ಬಾರಾ ದಿನ್ ಮೇ ಶೋ ಹೈ! ಇನ್ನು ಹನ್ನೆರಡೇ ದಿನ! ಒರಿಜಿನಲ್‌ಗೆ ಮ್ಯಾಚ್ ಆಗ್ತಿಲ್ವಾ?”

“ಆಗ್ತಿದೆ. ಮೂಲವೇ ತಪ್ಪಾಗಿದೆ.”

ಆಗಿದ್ದು ಇಷ್ಟು. ಕಾರ್ಖಾನೆಯ ಉಸ್ತಾದ್ ಅಚ್ಚು ತೆಗೆಯುವ ಮುಂಚೆ ಗುಳಿಗಳನ್ನು ದೋಷ ಎಂದುಕೊಂಡು, ಬಲು ಕಾಳಜಿಯಿಂದ ಪುಟ್ಟಿ ತುಂಬಿ ಉಜ್ಜಿ ನುಣುಪು ಮಾಡಿದ್ದ. ಪಾಪ, ಅವನ ಕಣ್ಣಿಗೆ ಅದು ಒಳ್ಳೆಯ ಕೆಲಸ. ಪುಟ್ಟಿ ಕೆರೆದರೆ ಕಾಗದವೂ ಕಿತ್ತು ಬರುತ್ತದೆ. ಹೊಸದಾಗಿ ಮಾಡಿದರೆ ಡಿಸೆಂಬರಿನ ಮಂಜಿನಲ್ಲಿ ಒಂದು ತಿಂಗಳಾದರೂ ಒಣಗುವುದಿಲ್ಲ. ಹರ್ಷಿಣಿಗೆ ಇದು ಅವಳೇ ಹೊಣೆ ಹೊತ್ತ ಮೊದಲ ಪ್ರದರ್ಶನ. ಬುದ್ಧಿವಂತೆ, ಮರುದಿನವೇ ದಾರಿ ಹುಡುಕಿದಳು. ಕಂಚಿಗೆ ಮೊದಲು ಪ್ರತಿಯೊಂದನ್ನೂ ಮೇಣದಲ್ಲಿ ಮಾಡುತ್ತಾರೆ. ಎರಕ ಆಗಿದ್ದು ಮಾದರಿ ಒಂದೇ, ಅದನ್ನು ಕರಗಿಸಬಹುದು. ಮೇಣದ ಬೊಂಬೆಗಳ ಮೇಲೆ ಆಂಟಿಯೇ ಬಂದು ಒತ್ತಲಿ.

ಮತ್ತೆ ನನ್ನ ಕಾರು, ಮತ್ತೆ ಗ್ರೇಟರ್ ನೋಯ್ಡಾ. ಕಾರ್ಖಾನೆಯಲ್ಲಿ ಹನ್ನೆರಡು ಮೇಣದ ಕಡತನುಂಗರು ಸಾಲಾಗಿ ನಿಂತಿದ್ದರು. ಲೀಲಾವತಿ ಕೈ ಚಾಚಿದಳು, ಹಿಂದಕ್ಕೆ ತೆಗೆದಳು.

“ಬೇಕಂತ ಒತ್ತೋದು ನಂಗೆ ಬರಲ್ಲ ರೀ. ಎಲ್ಲಿ, ಎಷ್ಟು ಅಂತ ನೆನಪಿಲ್ಲ.”

ಉಸ್ತಾದ್ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಮೇಣ ಮೆತ್ತಗೆ ಮಾಡುತ್ತ ಗೊಣಗಿದ. “ಏಕ್ ಜೈಸಾ ನಹೀ ಹೋಗಾ, ಬಾಬೂಜಿ.” ಒಂದರಂತೆ ಒಂದು ಇರುವುದಿಲ್ಲ, ಆಮೇಲೆ ನನ್ನನ್ನು ಬೈಯಬೇಡಿ ಎಂದು ಅವನ ಮಾತು.

“ಬೇಡ ಬಿಡಪ್ಪ,” ಎಂದರು ರಾಯರು. ಕನ್ನಡದಲ್ಲೇ ಹೇಳಿದರು, ಅವನಿಗೆ ಅರ್ಥವಾಯಿತು. ಆಮೇಲೆ ಹೆಂಡತಿಯ ಕಡೆ ತಿರುಗಿ, “ನಿನಗೆ ತೋಚಿದ ಕಡೆ ಒತ್ತು. ನಾನು ನೋಡಲ್ಲ,” ಎಂದು ಗೋಡೆಗೆ ಮುಖ ಮಾಡಿ ನಿಂತರು.

ಅವಳು ಒತ್ತಿದಳು. ಒಂದಕ್ಕೆ ಒಂಬತ್ತು ಗುಳಿ, ಇನ್ನೊಂದಕ್ಕೆ ಆರು, ಒಂದರಲ್ಲಂತೂ ಸಾಲು ಸೊಟ್ಟಗೆ ಹೊಟ್ಟೆಯ ಕಡೆ ಇಳಿದಿತ್ತು. ಎಲ್ಲ ಮುಗಿದ ಮೇಲೆ ಹರ್ಷಿಣಿ ಹೊಸ ಕಾಗದಗಳನ್ನು ಮುಂದಿಟ್ಟಳು. ‘ಮೂಲದಂತೆಯೇ ಇದೆ’ ಎಂಬ ಸಾಲನ್ನು ರಾಯರು ತಾವೇ ಹೊಡೆದುಹಾಕಿದರು. ಸಹಿ ಹಾಕಿ ಪೆನ್ನನ್ನು ಲೀಲಾವತಿಯ ಕೈಗೆ ಕೊಟ್ಟರು.

“ನಾನ್ಯಾಕೆ? ಮಾಡಿದ್ದು ನೀವು,” ಎಂದಳು ಅವಳು.

“ಇಷ್ಟು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ,” ಎಂದರು ರಾಯರು. ತಮ್ಮ ಸಹಿಯ ಪಕ್ಕದ ಖಾಲಿ ಜಾಗದ ಮೇಲೆ ಬೆರಳಿಟ್ಟು ತೋರಿಸಿದರು.